ಹುಣಸೆಹಣ್ಣಿನಲ್ಲಿ ತೊಳೆದ ಚಾಕುಗಳು

ಅಜ್ಜಂಪುರದಲ್ಲಿ ಮಂಡಿ ಇಟ್ಟಿದ್ದ ನನ್ನ ಭಾವನಿಗೆ ಐವತ್ತರ ದಶಕದ ಕೊನೆಯ ಹೊತ್ತಿಗೆ ಹಳೆಯ ಜೇಬು ಚಾಕುಗಳನ್ನು ಕೂಡಿಹಾಕುವ ಚಟ ಹತ್ತಿತು. ಹುಚ್ಚು ಎಂದು ಬರೆಯಬಹುದಿತ್ತು. ಆದರೆ ಹುಚ್ಚಿಗೆ ಒಂದು ನಿಷ್ಠೆ ಇರುತ್ತದೆ. ಹುಚ್ಚು ಹಿಡಿದವನು ಯಾರೂ ನೋಡದಿದ್ದಾಗಲೂ ತನ್ನ ವಸ್ತುವಿನ ಮುಂದೆ ಕೂತಿರುತ್ತಾನೆ. ಭಾವ ತಮ್ಮ ಗಾಜಿನ ಬೀರುವಿನ ಬೀಗ ತೆಗೆಯುತ್ತಿದ್ದದ್ದು ನೆಂಟರೋ ಗಿರಾಕಿಗಳೋ ಅಮಲ್ದಾರರೋ ಬಂದಾಗ ಮಾತ್ರ.

ಬೀರು ಅವರ ಪಡಸಾಲೆಯಲ್ಲಿ ಗುರುಗಳ ಪಟದ ಕೆಳಗಿತ್ತು. ಒಳಗೆ ಕೆಂಪು ಮಖಮಲ್ಲು ಹಾಸಿ, ಅದರ ಮೇಲೆ ಚಾಕುಗಳನ್ನು ಅಲಗು ಬಿಚ್ಚಿ ಸಾಲಾಗಿ ಇಟ್ಟಿದ್ದರು. ಮಡಚಿಟ್ಟರೆ ಚಿಕ್ಕದಾಗಿ ಕಾಣುತ್ತವೆ ಎಂಬುದು ಅವರ ವಾದ. ಮಡಚುವುದಕ್ಕೆಂದೇ ಮಾಡಿದ ವಸ್ತುವನ್ನು ಅವರು ವರ್ಷಗಟ್ಟಲೆ ಮಡಚಲೇ ಇಲ್ಲ. ಊಟ ಮುಗಿಸಿದ ಅತಿಥಿಯ ಮುಂದೆ ಮೊದಲು ಎಲೆ ಅಡಿಕೆ ತಟ್ಟೆ ಬರುತ್ತಿತ್ತು, ಅದರ ಹಿಂದೆಯೇ ಚಾಕುಗಳ ತಟ್ಟೆ.

"ಕೆಲಸ ನೋಡಿ ಸ್ವಾಮಿ, ಕೆಲಸ!" ಎನ್ನುತ್ತಿದ್ದರು ಭಾವ.

ಯಾವ ಕೆಲಸ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅವರಲ್ಲಿ ಉತ್ತರವೂ ಇರಲಿಲ್ಲ. ಬಂದವರು ಒಂದೆರಡು ಚಾಕು ಎತ್ತಿ, ಹೆಬ್ಬೆರಳಿನಲ್ಲಿ ಅಂಚು ಮುಟ್ಟಿ, "ಒಳ್ಳೇ ಹರಿತ ಇದೆ ಕಣ್ರೀ" ಎಂದು ಹೇಳಿ ಇಡುತ್ತಿದ್ದರು. ಹರಿತ ಇರಲಿಲ್ಲ. ಹೇಳಿದವರಿಗೂ ಅದು ಗೊತ್ತಿತ್ತು. ಮಂಡಿಯಲ್ಲಿ ಕಡಲೆಕಾಯಿಯ ತೂಕ ಹಾಕಿಸಿಕೊಳ್ಳಬೇಕಾದವರು ಇನ್ನೇನು ಹೇಳಿಯಾರು?

ಆ ಮನೆಯಲ್ಲಿ ಭಾವನನ್ನು ಹೊಗಳದೇ ಇದ್ದವರು ಅವರ ತಾಯಿ ಒಬ್ಬರೇ. "ಯುದ್ಧಕ್ಕೇನಾದ್ರೂ ಹೊಂಟಿದೀಯೇನೋ? ಒಂದು ಸೌತೆಕಾಯಿ ಹೆಚ್ಚಾಕೆ ಬರಲ್ಲ ನಿಂಗೆ. ಮನೆ ತುಂಬ ಚಾಕು ಹರಡ್ಕೊಂಡು ಕೂತವ್ನೆ" ಎಂದು ಗೋಡೆಗೊರಗಿ ಕೂತಲ್ಲಿಂದಲೇ ಅನ್ನುತ್ತಿದ್ದರು. ಭಾವ ಕೇಳಿಸದವರಂತೆ ಬೀರುವಿಗೆ ಬೀಗ ಹಾಕುತ್ತಿದ್ದರು.

ನಾನು ಆಗ ಕಡೂರಿನಲ್ಲಿದ್ದುಕೊಂಡು ಬೆಂಗಳೂರಿನ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ರೈಲು ಹತ್ತಿ ಬೀರೂರು ದಾಟಿದರೆ ಅಜ್ಜಂಪುರ. ಅಕ್ಕನನ್ನು ನೋಡಲು ಆಗಾಗ ಹೋಗುತ್ತಿದ್ದೆನಾದ್ದರಿಂದ ಆ ತಟ್ಟೆ ನನ್ನ ಮುಂದೆಯೂ ಎಷ್ಟೋ ಸಲ ಬಂದಿದೆ.

ಒಳ್ಳೆಯ ಜೇಬು ಚಾಕು ಎಂದರೆ ಏನೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆ ಪಡಸಾಲೆಯಲ್ಲಿ ಯಾರೂ ಅದನ್ನು ಹೇಳಿದ್ದು ನಾನು ಕೇಳಲಿಲ್ಲ. ಹಿಡಿಯ ಎರಡು ಮಗ್ಗುಲಿಗೆ ಕೊಂಬಿನದೋ ದಂತದ್ದೋ ಪಟ್ಟಿ. ಅದರ ಒಳಗೆ ಹಿತ್ತಾಳೆ ತಗಡು. ಬೆನ್ನಿನುದ್ದಕ್ಕೂ ಉಕ್ಕಿನ ಸ್ಪ್ರಿಂಗು. ಉಗುರು ಸಿಕ್ಕಿಸಿ ಅಲಗನ್ನು ಎತ್ತಿದರೆ ಅರ್ಧ ದಾರಿಯಲ್ಲಿ ಒಮ್ಮೆ ನಿಲ್ಲುತ್ತದೆ, ಪೂರಾ ತೆರೆದಾಗ ಇನ್ನೊಮ್ಮೆ ನಿಲ್ಲುತ್ತದೆ. ಎರಡು ಸಲವೂ ಒಂದು ಸದ್ದು ಬರುತ್ತದೆ, ಗಟ್ಟಿಯಾದ, ಚಿಕ್ಕ ಸದ್ದು. ಒಳ್ಳೆಯ ಚಾಕುವಿನಲ್ಲಿ ಮಡಚಿದಾಗ, ಅರ್ಧ ತೆರೆದಾಗ, ಪೂರಾ ತೆರೆದಾಗ, ಈ ಮೂರು ಸ್ಥಿತಿಯಲ್ಲೂ ಬೆನ್ನಿನ ಮೇಲೆ ಬೆರಳಾಡಿಸಿದರೆ ಎಲ್ಲೂ ಏರುಪೇರು ಸಿಗಬಾರದು. ಎರಡು ಅಲಗು ಒಂದೇ ಸಂದಿನಲ್ಲಿ ಒಂದಕ್ಕೊಂದು ಉಜ್ಜದಂತೆ ಮಲಗಬೇಕು. ಅದಕ್ಕಾಗಿ ಮಾಡಿದವನು ಅಲಗನ್ನು ಕೂದಲೆಳೆಯಷ್ಟು ಬಾಗಿಸಿರುತ್ತಾನೆ. ಇದೆಲ್ಲ ಅರದಿಂದ, ಕಣ್ಣಳತೆಯಿಂದ ಆಗಿರುವ ಕೆಲಸ. ಇನ್ನು ಹಳೆಯ ಉಕ್ಕಿನ ಬಣ್ಣ. ಮಾವಿನ ಸೊನೆ, ನಿಂಬೆ, ಕೈ ಬೆವರು ತಾಗಿ ತಾಗಿ ಅಲಗಿಗೆ ನೀಲಿ ಬೆರೆತ ಕಪ್ಪು ಬರುತ್ತದೆ. ಅದು ಕೊಳೆಯೆಂದು ತಿಳಿಯುವವರು ಚಾಕು ಕೂಡಿಡಬಾರದು. ಆ ಕಪ್ಪೇ ಅಲಗಿಗೆ ಕಾವಲು. ತುಕ್ಕು ಸುಲಭಕ್ಕೆ ಹಿಡಿಯಲು ಅದು ಬಿಡುವುದಿಲ್ಲ.

ಭಾವ ಚಾಕು ಸಂಪಾದಿಸುತ್ತಿದ್ದ ರೀತಿ ಪಾತ್ರೆ ಅಂಗಡಿಯವರದು. ಹಳೇ ಹಿತ್ತಾಳೆ ಕೊಟ್ಟು ಹೊಸ ತಪ್ಪಲೆ ಒಯ್ಯುವ ಹಾಗೆ, ಹಳೇ ಚಾಕು ಕೊಟ್ಟವರಿಗೆ ಅವರು ಹೊಸ ಚಾಕು ಕೊಡುತ್ತಿದ್ದರು. ಅದಕ್ಕೆಂದೇ ದಾವಣಗೆರೆಯಿಂದ ಹೊಳೆಯುವ ಚಾಕುಗಳನ್ನು ತರಿಸಿಟ್ಟುಕೊಂಡಿದ್ದರು, ಹಿಡಿಯ ಮೇಲೆ ಹೂವಿನ ಗುರುತು ಒತ್ತಿದವು. ಶಿವನಿ ಸ್ಟೇಷನ್ನಿನ ಹತ್ತಿರ ನೆಲೆಸಿದ್ದ ರೈಲ್ವೆ ಮೇಸ್ತ್ರಿಯೊಬ್ಬನಿಂದ ಹಾಗೆ ಒಂದು ಬಂತು. ಹಿರೇನಲ್ಲೂರಿನ ಕಡೆಯ ರೈತರಿಂದ ಕೆಲವು ಬಂದವು. ಬೆಟ್ಟದ ಮೇಲಿನ ತೋಟಗಳನ್ನು ಬಿಟ್ಟು ಹೋದ ಬಿಳಿ ದೊರೆಗಳ ಬಟ್ಲರುಗಳಿಂದ ಇನ್ನಷ್ಟು ಬಂದವು.

ಒಮ್ಮೆ ಎಮ್ಮೆದೊಡ್ಡಿಗೆ ಅವರ ಜೊತೆ ನಾನೂ ಹೋಗಿದ್ದೆ. ಅಲ್ಲಿನ ಕಾವಲಿನ, ಅಂದರೆ ದನ ಮೇಯುವ ಸರ್ಕಾರಿ ಹುಲ್ಲುಗಾವಲಿನ, ತಕರಾರಿನ ಬಗ್ಗೆ ನನಗೆ ಸುದ್ದಿ ಬೇಕಿತ್ತು, ಅವರಿಗೆ ಚಾಕು. ಅಲ್ಲಿ ಅಮೃತಮಹಲ್ ದನ ಕಾಯುವವನೊಬ್ಬ ಸೊಂಟದಿಂದ ಒಂದು ದಪ್ಪ ಚಾಕು ತೆಗೆದು ತೋರಿಸಿದ. ಅದರ ಬೆನ್ನಿಗೆ ಮಡಚುವ ಕಬ್ಬಿಣದ ಕೊಕ್ಕೆಯೊಂದಿತ್ತು.

"ನಮ್ಮಪ್ಪಂಗೆ ದೊರೆ ಕೊಟ್ಟಿದ್ದು ಬುದ್ಧಿ. ದನದ ಗೊರಸಲ್ಲಿ ಕಲ್ಲು ಸಿಕ್ಕಂಡ್ರೆ ಇದ್ರಲ್ಲಿ ಕೀಳಾದು."

ಭಾವ ಹೊಸ ಚಾಕುವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. "ಅದ್ನ ಕೊಡು, ಇದ್ನ ತಗೋ."

"ಕೊಕ್ಕೇನೇ ಇಲ್ವಲ್ಲ ಬುದ್ಧಿ?"

"ಕೊಕ್ಕೆ ಕಟ್ಕೊಂಡು ಏನ್ಮಾಡ್ತೀಯೋ! ಹೊಳಪು ನೋಡು ಹೊಳಪು."

ಅವನು ಹೊಳಪು ನೋಡಿದ. ಭಾವನ ಮುಖವನ್ನೂ ನೋಡಿದ. ಆಮೇಲೆ ಕೊಟ್ಟುಬಿಟ್ಟ. ಇದಾದ ಮೇಲೆ ಮಳೆಗಾಲ ಕಳೆಯುತ್ತಿದ್ದಂತೆ ಅವನು ಅಜ್ಜಂಪುರದ ಮಂಡಿಗೇ ಹುಡುಕಿಕೊಂಡು ಬಂದ. "ಇನ್ನೂ ಹಳೇವು ಸಿಕ್ಕವೆ ಬುದ್ಧಿ, ನಮ್ಮ ತಾತಂದು, ಅವ್ರಣ್ಣಂದು" ಎಂದು ತುಕ್ಕು ತಿಂದ ಚಾಕುಗಳನ್ನು ಟವೆಲ್ಲಿನಿಂದ ಬಿಚ್ಚಿ ಸುರಿದ. ಭಾವ ಎರಡು ಮಾತಾಡದೆ ಬದಲಿಗೆ ಹೊಸವನ್ನು ಕೊಟ್ಟು ಕಳಿಸಿದರು. ಆ ದಿನ ನಾನಲ್ಲಿದ್ದೆ. ಕೈಗೆತ್ತಿಕೊಂಡು ನೋಡಿದರೆ ಸಗಣಿ ವಾಸನೆ. ಹಿಡಿಯ ಮೇಲೆ ಅದೇ ಹೂವಿನ ಗುರುತು. ಇವರೇ ಹಂಚಿದ ದಾವಣಗೆರೆ ಚಾಕುಗಳನ್ನು ಅವನು ಕಾವಲಿನವರಿಂದ ಕೂಡಿಸಿ ತಿಪ್ಪೆಯಲ್ಲಿ ಹೂತು ತಂದಿದ್ದ.

ಭಾವನಿಗೆ ಹೇಳಿದೆ. "ನಿಂಗೇನಪ್ಪಾ ಗೊತ್ತು ಇದ್ರ ವಿಷಯ, ಪೇಪರ್‌ನೋನಿಗೆ?" ಎಂದರು. ಮಹಾನವಮಿಗೆ ಅವನ್ನೂ ತೊಳೆಸಿದಾಗ ತುಕ್ಕು ಹೋಗಿ, ಅಂಗಡಿಯಿಂದ ಬಂದ ದಿನದ ಹಾಗೆಯೇ ಹೊಳೆದವು. ಆಗ ಭಾವ ನನ್ನನ್ನು ಕರೆದು, "ನೋಡಿದ್ಯಾ? ಹಳೇ ಕಬ್ಬಿಣ ಅಂದ್ರೆ ಇದು. ತೊಳೆದ್ರೆ ಹೊಸದನ್ನ ಮೀರಿಸುತ್ತೆ" ಎಂದರು.

ಈ ತೊಳೆಸುವ ವಿಷಯಕ್ಕೆ ಬರಬೇಕು. ನಮ್ಮ ಕಡೆ ಆಯುಧಪೂಜೆಯ ಹಿಂದಿನ ದಿನ ಮನೆಯ ದೀಪ, ತಂಬಿಗೆ, ಸೇರು, ಬಳ್ಳ, ತಕ್ಕಡಿಯ ಬಟ್ಟಲು ಎಲ್ಲ ಹಿತ್ತಿಲ ಕಲ್ಲಿನ ಮೇಲೆ ಬೀಳುತ್ತವೆ. ಹುಣಸೆಹಣ್ಣು ನೆನೆಸಿ, ಒಲೆಯ ಬೂದಿ, ಇಟ್ಟಿಗೆ ಪುಡಿ ಸೇರಿಸಿ, ತೆಂಗಿನ ಜುಂಗಿನಿಂದ ಹೆಂಗಸರು ತಿಕ್ಕುತ್ತಾರೆ. ಹಿತ್ತಾಳೆಗೆ ಅದು ಸರಿ. ಭಾವ ಚಾಕುಗಳನ್ನೂ ಆ ರಾಶಿಗೆ ಸೇರಿಸಿದರು. ಆಯುಧವೆಂದ ಮೇಲೆ ಪೂಜೆ ಆಗಬೇಕು, ಪೂಜೆಗೆ ಇಡುವುದು ತೊಳೆದಿರಬೇಕು, ತರ್ಕದಲ್ಲಿ ಲೋಪವಿಲ್ಲ. "ಫಳಫಳ ಅನ್ಬೇಕು. ಕಪ್ಪು ಒಂಚೂರೂ ಉಳೀಬಾರ್ದು" ಎಂದು ಅವರು ಹಿತ್ತಿಲ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದ್ದನ್ನು ನಾನು ಎರಡು ಹಬ್ಬಗಳಲ್ಲಿ ಕೇಳಿದ್ದೇನೆ.

ಹೀಗೆ ತೊಳೆದ ಚಾಕುಗಳ ಮೇಲೆ ವಿಭೂತಿ ಬಳಿದು, ನೀರಲ್ಲಿ ಕಲಸಿದ ಕುಂಕುಮ ಇಟ್ಟು, ಹೂವು ಏರಿಸಿ ಮರುದಿನದವರೆಗೆ ಬಿಡುತ್ತಿದ್ದರು. ಕುಂಕುಮದ ನೀರು ಕೀಲಿಗಿಳಿದು ಒಳಗೊಳಗೇ ತುಕ್ಕು ಹಿಡಿಸುತ್ತಿತ್ತು. ಎಮ್ಮೆದೊಡ್ಡಿಯ ಕೊಕ್ಕೆ ಚಾಕುವಿನ ಅಲಗಿನ ಬುಡದಲ್ಲಿ ಅದನ್ನು ಮಾಡಿದವರ ಮುದ್ರೆ ಇತ್ತು. ಒಂದು ಮಹಾನವಮಿಗೆ ಅದರ ಅರ್ಧ ಅಕ್ಷರಗಳು ಹೋದವು. ಮುಂದಿನದಕ್ಕೆ ಏನೂ ಉಳಿಯಲಿಲ್ಲ. ಕೊಕ್ಕೆ ಅಲ್ಲಾಡದ ಹಾಗೆ ಕಚ್ಚಿಕೊಂಡಿತು. ಭಾವ ಅದನ್ನು ಇಕ್ಕಳದಲ್ಲಿ ಎಳೆದು ಮುರಿದು, ಮುರಿದ ಭಾಗ ಕಾಣದ ಹಾಗೆ ಮಗ್ಗುಲು ತಿರುಗಿಸಿ ಮಖಮಲ್ಲಿನ ಮೇಲಿಟ್ಟರು. ಬಂದವರಿಗೆ ಮಾತ್ರ, "ಕೆಲಸ ನೋಡಿ" ಎನ್ನುವುದನ್ನು ಬಿಡಲಿಲ್ಲ.

ಇದಿಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಬೀರುವಿನ ಕೊನೆಯ ಸಾಲಿನಲ್ಲಿ ನಮ್ಮ ಅಪ್ಪನ ಚಾಕು ಇತ್ತು.

ಅಪ್ಪ ಕಡೂರಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ. ಹತ್ತಿ ತುಂಬಿದ ಅಂಡಿಗೆಯ ಹೊಲಿಗೆಯನ್ನು ಆ ಚಾಕುವಿನಿಂದ ಒಂದೇ ಎಳೆತಕ್ಕೆ ಸೀಳಿ, ಒಳಗಿನಿಂದ ಒಂದು ಹಿಡಿ ಅರಳೆ ಎಳೆದು ನೋಡುತ್ತಿದ್ದ. ಎರಡು ಅಲಗಿನ ಚಾಕು, ಹಿಡಿಗೆ ಕಡವೆ ಕೊಂಬು. ಅವನ ಹೆಬ್ಬೆರಳು ಕೂರುವ ಕಡೆ ಕೊಂಬಿನ ಗಂಟು ಸವೆದು ನುಣುಪಾಗಿತ್ತು. ಅದು ಎಲ್ಲಿಂದ ಬಂತೆಂದು ಕೇಳಿದರೆ "ಬಂತು" ಎನ್ನುತ್ತಿದ್ದ. ಸೋಮವಾರದ ಪೂಜೆ ಮುಗಿದ ಮೇಲೆ ಅದರ ಕೀಲಿಗೆ ಹರಳೆಣ್ಣೆ ಬಿಟ್ಟು ಒರೆಸುವ ಕೆಲಸ ಅಕ್ಕನದು. ಮದುವೆಯಾಗಿ ಹೋಗುವವರೆಗೆ ಅವಳು ಅದನ್ನು ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ನನಗಂತೂ ಮುಟ್ಟಲು ಬಿಡುತ್ತಿರಲಿಲ್ಲ. ಅಪ್ಪ ತೀರಿಕೊಂಡು ಕಾರ್ಯಗಳೆಲ್ಲ ಮುಗಿದ ದಿನ ಅಮ್ಮ ಅದನ್ನು ಅವಳ ಕೈಯಲ್ಲಿಟ್ಟು, "ನೀನೇ ನೋಡ್ಕೊಂಡೋಳು, ನೀನೇ ಇಟ್ಕೋ" ಎಂದಳು. ಅಕ್ಕ ಸೆರಗಿನ ತುದಿಗೆ ಗಂಟು ಹಾಕಿಕೊಂಡು ರೈಲು ಹತ್ತಿದಳು.

ಅಜ್ಜಂಪುರ ಸೇರಿದ ಮೇಲೆ ಭಾವ ಅವಳ ಟ್ರಂಕಿನಿಂದ ಅದನ್ನು ತೆಗೆದು ಬೀರುವಿಗೆ ಹಾಕಿ ಬೀಗ ಜಡಿದರು. ಹಿಡಿ ಮಂಕಾಗಿದೆಯೆಂದು ಕೊನೆಯ ಸಾಲಿನ ಮೂಲೆ ಕೊಟ್ಟರು. ಅಕ್ಕ ಕೇಳಿದಳು, ಕೊಡಲಿಲ್ಲ. ಅವಳ ಪರವಾಗಿ ನಾನು ಕೇಳಿದೆ.

"ಹೆಂಗಸ್ರಿಗೆ ಯಾಕಪ್ಪಾ ಚಾಕು? ಅಡುಗೆಮನೇಲಿ ಈಳಿಗೆಮಣೆ ಇಲ್ವಾ?" ಎಂದರು.

"ಅದು ಅವಳ ವಸ್ತು ಭಾವ. ಅಮ್ಮ ಅವಳಿಗೆ ಅಂತ ಕೊಟ್ಟಿದ್ದು."

"ಅವಳೇ ನನ್ನೋಳಲ್ವೇನಪ್ಪಾ?" ಎಂದು ತಮ್ಮ ಮಾತಿಗೆ ತಾವೇ ನಕ್ಕು, ತಟ್ಟೆಯಿಂದ ಇನ್ನೊಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

ಅಕ್ಕ ಜಗಳವಾಡುವವಳಲ್ಲ. ಹಿತ್ತಿಲಿಗೆ ಹೋದಾಗ ನನಗೆ, "ಅದು ನಂದು ಕಣೋ" ಎಂದಳು. ಪ್ರತಿ ಮಹಾನವಮಿಗೆ ಬೀರು ಖಾಲಿ ಮಾಡಿ ಚಾಕುಗಳನ್ನು ಅವಳ ಮುಂದೆ ಸುರಿದಾಗ ಅಪ್ಪನದನ್ನು ಮಾತ್ರ ಅವಳು ರಾಶಿಯಿಂದ ಜಾರಿಸಿ ಸೀರೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣ ವಿಭೂತಿ ತಾಗಿಸಿ, ಕೊನೆಯಲ್ಲಿ ಉಳಿದವುಗಳ ಜೊತೆ ಸೇರಿಸುತ್ತಿದ್ದಳು. ಭಾವ ಒಂದು ವರ್ಷವೂ ಅದನ್ನು ಗಮನಿಸಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳಲ್ಲೊಮ್ಮೆ, ನವರಾತ್ರಿಗೆ ಸ್ವಲ್ಪ ಮುಂಚೆ, ಭಾವನಿಂದ ನನಗೆ ಕರೆ ಬಂತು. ತರೀಕೆರೆಯ ಮೇಲಿನ ಬೆಟ್ಟದಲ್ಲಿ ಕಾಫಿ ತೋಟವಿದ್ದ ಒಬ್ಬರು, ತಾವೂ ಚಾಕು ಕೂಡಿಟ್ಟವರು, ಭಾವನ ಬೀರು ನೋಡಲು ಬರಲಿದ್ದರು. "ದೊಡ್ಡ ಮನುಷ್ಯರು. ಅವರು ಮೆಚ್ಚಿದ್ರು ಅಂತ ನಾಕು ಲೈನ್ ಪೇಪರಲ್ಲಿ ಬರಬೇಕಪ್ಪಾ" ಎಂದರು ಭಾವ. ನಾಲ್ಕು ಲೈನಿಗಾಗಿ ಮನೆಯಲ್ಲಿ ಹೋಳಿಗೆ ಮಾಡಿಸಿದ್ದರು.

ತೋಟದವರು ಜೀಪಿನಲ್ಲಿ ಬಂದರು. ಕೊರಳಿಗೆ ದಾರದಲ್ಲಿ ನೇತುಹಾಕಿದ ಭೂತಗನ್ನಡಿ, ಕೈಯಲ್ಲಿ ತೊಗಲಿನ ಚೀಲ. ಹೋಳಿಗೆ ಬೇಡವೆಂದು ನೇರ ಬೀರುವಿನ ಮುಂದೆ ಕೂತರು. ಮೊದಲನೆಯ ಚಾಕು ಎತ್ತಿ ಭೂತಗನ್ನಡಿ ಹಿಡಿದು ಇಟ್ಟುಬಿಟ್ಟರು. ಎರಡನೆಯದನ್ನೂ ಹಾಗೆಯೇ ಇಟ್ಟರು. ಮೂರನೆಯದನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಏನ್ರೀ ಹಾಕಿ ತೊಳೆದಿದೀರ ಇದನ್ನ?"

"ಹುಣಸೆಹಣ್ಣು ಸಾರ್, ಇಟ್ಟಿಗೆ ಪುಡಿ" ಎಂದರು ಭಾವ, ಎದೆ ಸೆಟೆಸಿ. "ವರ್ಷಾ ವರ್ಷಾ ಬಿಡಂಗಿಲ್ಲ."

"ಸಾಹುಕಾರ್ರೇ, ಇವನ್ನ ಕೊಂದ್ಬಿಟ್ಟಿದೀರಲ್ರೀ! ಮಾರ್ಕಿಲ್ಲ, ಬಣ್ಣ ಇಲ್ಲ. ಹೀಗೆ ತೊಳೆದ ಚಾಕು ಯಾರಿಗ್ರೀ ಬೇಕು? ಚಾಕು ಕೂಡಿಡೋನು ಯಾವನೂ ಮನೆ ಒಳಗೆ ಸೇರಿಸಲ್ಲ."

ಭಾವನ ಎದೆ ಎಷ್ಟು ಬೇಗ ಇಳಿಯಿತೆಂದರೆ ಅವರು ಯೋಚಿಸುವುದಕ್ಕೂ ನಿಲ್ಲಲಿಲ್ಲ. "ಹೆಂಗಸ್ರು ಸಾರ್! ಎಷ್ಟು ಹೇಳಿದ್ರೂ ಕೇಳಲ್ಲ. ನಾನು ಮಂಡಿಗೆ ಹೋಗಿರ್ತೀನಿ, ಇವರು ತಗೊಂಡೋಗಿ ತಿಕ್ಕಿಬಿಡ್ತಾರೆ." ಅಕ್ಕ ಮಜ್ಜಿಗೆಯ ಲೋಟ ಹಿಡಿದು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಲೋಟವನ್ನು ಬಂದವರ ಮುಂದಿಟ್ಟು ಒಳಗೆ ಹೋಗಿ ಬಾಗಿಲ ಮರೆಯಲ್ಲೇ ನಿಂತಳು.

ತೋಟದವರು ಏಳಲು ಹೊರಟವರು ಕೊನೆಯ ಸಾಲಿನ ಮೂಲೆಗೆ ಕಣ್ಣು ಹಾಕಿ ಮತ್ತೆ ಕೂತರು. ಅಪ್ಪನ ಚಾಕುವನ್ನು ಅವರು ಹೂವು ಎತ್ತುವ ಹಾಗೆ ಎತ್ತಿದರು. ಭೂತಗನ್ನಡಿ ಹಿಡಿದು ಅಲಗಿನ ಬುಡದ ಮುದ್ರೆಯನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಓದಿದರು. ಅಲಗಿನ ಕಪ್ಪನ್ನು, ಕೊಂಬಿನ ಬಣ್ಣವನ್ನು ಹೊಗಳಿದರು. ಆಮೇಲೆ ಇಂಥ ಮುದ್ರೆಯವು ಎಲ್ಲೆಲ್ಲಿ ಯಾರ್ಯಾರ ಬಳಿ ಇವೆ ಎಂಬ ಪಟ್ಟಿ ಶುರುವಾಯಿತು. ಅವರ ವಿಷಯಜ್ಞಾನ ಭಾವನದಕ್ಕಿಂತ ಹೆಚ್ಚು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಅಷ್ಟು ಹೊತ್ತಿನಲ್ಲಿ ಅವರು ಅದನ್ನು ಒಮ್ಮೆಯೂ ಮಡಚಲಿಲ್ಲ, ಒಮ್ಮೆಯೂ ತೆರೆಯಲಿಲ್ಲ. ಬಿಚ್ಚಿಟ್ಟಿದ್ದ ಅಲಗನ್ನು ನೋಡಿದರು. ಎರಡನೆಯ ಅಲಗಿಗೆ ಉಗುರು ತಾಗಿಸಲೇ ಇಲ್ಲ. ನಾಟಿ ಹಸುವನ್ನು ಕೊಳ್ಳುವವನಾದರೂ ಒಮ್ಮೆ ನಡೆಸಿ ನೋಡುತ್ತಾನೆ.

"ಇದೊಂದು ಕೊಡಿ. ಬದಲಿಗೆ ನನ್ನ ಹತ್ರ ಒಂದಿದೆ, ದೊಡ್ಡದು. ಕತ್ತರಿ, ಗರಗಸ, ಬಾಟ್ಲಿ ಬಿರಡೆ ಕೀಳೋದು, ಎಲ್ಲ ಒಂದರಲ್ಲೇ ಇದೆ. ಬಿಚ್ಚಿದ್ರೆ ಮುಳ್ಳುಹಂದಿ ಥರ ಕಾಣುತ್ತೆ."

ಕತ್ತರಿ ಗರಗಸ ಎಂದು ಕೇಳುತ್ತಲೇ ಭಾವನ ಕಣ್ಣು ಅರಳಿದ್ದನ್ನು ನೋಡಿದೆ. ತಟ್ಟೆಯಲ್ಲಿ ಅದು ಎಷ್ಟು ಜಾಗ ತುಂಬುತ್ತದೆಂದು ಆಗಲೇ ಅಳೆಯುತ್ತಿದ್ದರು.

"ಆಗ್ಲಿ ಸಾರ್. ಹಬ್ಬ ಒಂದು ಕಳೀಲಿ. ಪೂಜೆ ಮುಂದಿಟ್ಕೊಂಡು ಆಯುಧ ಮನೆಯಿಂದಾಚೆ ಕಳಿಸಬಾರ್ದು."

"ದಯವಿಟ್ಟು ಇದನ್ನ ಮಾತ್ರ ತೊಳೀಬೇಡ್ರೀ."

"ತೊಳೆಸ್ತೀನಾ ಸಾರ್! ಲೇ, ಕೇಳಿಸ್ತೇನೇ?" ಎಂದು ಭಾವ ಬಾಗಿಲಿನ ಕಡೆ ಕೂಗಿದರು. "ಈ ಕೊಂಬಿನ ಚಾಕು ತೊಳೆದೀಯ ಮತ್ತೆ!"

ಜೀಪು ಹೋದ ಮೇಲೆ ನಾನು ಇನ್ನೊಮ್ಮೆ ಭಾವನಿಗೆ ಹೇಳಿದೆ, ಅದು ಅಕ್ಕನದು, ಕೊಡಬೇಡಿ ಎಂದು. ಅವರು ನನ್ನ ಹೆಗಲು ತಟ್ಟಿ, "ಒಂದಕ್ಕೆ ಹತ್ತು ಬರ್ತಿದೆ ಕಣಪ್ಪಾ, ಯೋಚ್ನೆ ಮಾಡು" ಎಂದರು. ಹಿತ್ತಿಲಲ್ಲಿ ಅಕ್ಕ ಬಾವಿಕಟ್ಟೆಗೆ ಒರಗಿ ನಿಂತಿದ್ದಳು.

"ಆ ತೋಟದೋರು ಅಂದಿದ್ದು ನಿಜಾನೇನೋ? ತೊಳೆದ್ರೆ ಅವರಿಗೆ ಬೇಡಾಗುತ್ತಾ?"

"ಹೌದು."

"ಸ್ವಲ್ಪಾನೂ ಬೇಡಾಗುತ್ತಾ?"

"ಕೈಯಲ್ಲೂ ಮುಟ್ಟಲ್ಲ."

"ಹೂಂ" ಎಂದಳು. ಕೊಡ ತುಂಬಿಕೊಂಡು ಒಳಗೆ ಹೋದಳು.

ಆಯುಧಪೂಜೆಯ ಹಿಂದಿನ ದಿನ ನಾನು ಮತ್ತೆ ಅಲ್ಲಿದ್ದೆ. ಭಾವ ತಕ್ಕಡಿ ತೊಳೆಸಲು ಮಂಡಿಗೆ ಹೋಗಿದ್ದರು. ಹಿತ್ತಿಲ ಕಲ್ಲಿನ ಸುತ್ತ ಪಾತ್ರೆಗಳ ರಾಶಿ, ಹುಣಸೆಹಣ್ಣಿನ ಬೋಗುಣಿ. ಅಕ್ಕನ ಅತ್ತೆ ಬಿಸಿಲಿಗೆ ಮಣೆ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕೂತಿದ್ದರು. ಅಕ್ಕ ಅಪ್ಪನ ಚಾಕುವನ್ನು ರಾಶಿಯಿಂದ ಆರಿಸಿ ಅತ್ತೆಗೆ ಕಾಣುವ ಹಾಗೆ ಪಕ್ಕಕ್ಕಿಟ್ಟಳು.

"ಅದ್ಯಾಕೇ ಅತ್ಲಾಗಿಟ್ಟೆ?"

"ತೊಳೀಬೇಡ ಅಂದವ್ರೆ ಅತ್ತೆ."

"ಯಾರು, ಅವ್ನಾ? ಕೊಳೆ ಚಾಕು ದೇವ್ರ ಮುಂದೆ ಇಡಾಕಾಯ್ತದೇನೇ? ನೋಡು ಹೆಂಗೆ ಕರ್ರಗೆ ಮಸಿ ಹಿಡ್ದೈತೆ. ತೊಳಿ, ತೊಳಿ. ಚೆನ್ನಾಗಿ ತಿಕ್ಕು!"

"ನೀವು ಹೇಳಿದ್ಮೇಲೆ ಇನ್ನೇನು ಅತ್ತೆ" ಎಂದಳು ಅಕ್ಕ.

ಅವಳು ಮೊದಲು ಒಳಗೆ ಹೋಗಿ ಹರಳೆಣ್ಣೆ ತಂದಳು. ಎರಡೂ ಕೀಲುಗಳಿಗೆ, ಬೆನ್ನಿನ ಸ್ಪ್ರಿಂಗಿನ ಸಂದಿಗೆ ಎಣ್ಣೆ ತುಂಬಿ, ಹುಳಿ ನೀರು ಒಳಗಿಳಿಯದ ಹಾಗೆ ಅದರ ಮೇಲೆ ಮೇಣ ಒತ್ತಿದಳು. ಆಮೇಲೆ ಕೂತು ತಿಕ್ಕತೊಡಗಿದಳು. ಎಷ್ಟೋ ವರ್ಷದ ಕಪ್ಪು ಹುಣಸೆರಸದಲ್ಲಿ ಕದಡಿ ಕಲ್ಲಿನ ಮೇಲೆ ಹರಿಯಿತು. ಅಲಗು ಬೆಳ್ಳಗಾಯಿತು, ಗೀರುಗೀರಾಯಿತು. ಕೊಂಬಿನ ಹಿಡಿ ಬಣ್ಣ ಕಳೆದುಕೊಂಡು ಸುಣ್ಣದ ಕಡ್ಡಿಯಂತಾಯಿತು. ಮುದ್ರೆ ಮಾತ್ರ ಬೇಗ ಹೋಗಲಿಲ್ಲ. ಅವಳು ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಇಟ್ಟಿಗೆ ಪುಡಿ ಒತ್ತಿ ಅಲ್ಲೇ ಉಜ್ಜಿದಳು. ನನಗೆ ನೋಡಲಾಗಲಿಲ್ಲ. "ಸಾಕು ಬಿಡೇ" ಎಂದೆ. ಅವಳು ಅಲಗನ್ನು ಬಿಸಿಲಿಗೆ ಹಿಡಿದು ನೋಡಿ, ಇನ್ನೂ ಒಂದು ಅಕ್ಷರ ಉಳಿದಿರಬೇಕು, ಮತ್ತೆ ಪುಡಿ ತೆಗೆದುಕೊಂಡಳು.

ಮರುದಿನ ಭಾವ ತಾವೇ ಎಲ್ಲ ಚಾಕುಗಳಿಗೂ ವಿಭೂತಿ ಬಳಿದು ಕುಂಕುಮ ಇಟ್ಟರು. ಅದಕ್ಕೂ ಇಟ್ಟರು. ಅವರಿಗೆ ವ್ಯತ್ಯಾಸ ಕಾಣಿಸಲಿಲ್ಲ. ಹೊಳೆಯುವ ಚಾಕುಗಳ ನಡುವೆ ಇನ್ನೊಂದು ಹೊಳೆಯುವ ಚಾಕು ಸೇರಿತ್ತು, ಅಷ್ಟೇ. ಸಂಗ್ರಹಕಾರರೆನಿಸಿಕೊಂಡವರು ತಮ್ಮ ಇಡೀ ಬೀರುವಿನಲ್ಲಿದ್ದ ಒಂದೇ ಒಂದು ಒಳ್ಳೆಯ ವಸ್ತು ಹಾಳಾದದ್ದನ್ನು ಅದರ ಮೇಲೆ ಬೆರಳಿಟ್ಟುಕೊಂಡೂ ತಿಳಿಯಲಿಲ್ಲ. ಪೂಜೆ ಮುಗಿದ ಕೂಡಲೇ ಅಕ್ಕ ಕುಂಕುಮ ಒರೆಸಿ ಇಟ್ಟಳು.

ಹಬ್ಬ ಕಳೆದು ತೋಟದವರು ಬಂದ ದಿನ ಭಾವ ನನ್ನನ್ನೂ ಕರೆಸಿಕೊಂಡಿದ್ದರು, ಅದೇ ನಾಲ್ಕು ಲೈನಿಗೆ. ತೊಗಲಿನ ಚೀಲದಲ್ಲಿ ಮುಳ್ಳುಹಂದಿ ಚಾಕು ಬಂದಿತ್ತು. ಭಾವನ ಕೈ ಅದರ ಕಡೆಗೇ ಹೋಗುತ್ತಿತ್ತು.

"ಎಲ್ರೀ ಅದು?"

"ಅಲ್ಲೇ ಸಾರ್, ಕೊನೇ ಸಾಲು."

ತೋಟದವರು ಬಗ್ಗಿ ನೋಡಿದರು. ಎರಡು ಬೆರಳಲ್ಲಿ ಎತ್ತಿ ಭೂತಗನ್ನಡಿ ಹಿಡಿದರು. ಮುದ್ರೆ ಇದ್ದ ಕಡೆ ಸ್ವಲ್ಪ ಹೊತ್ತು ನೋಡಿ ಮತ್ತೆ ಮಖಮಲ್ಲಿನ ಮೇಲಿಟ್ಟರು. ಕರವಸ್ತ್ರದಲ್ಲಿ ಬೆರಳೊರೆಸಿಕೊಂಡರು.

"ಇದು ಆ ಚಾಕಲ್ಲ."

"ಅದೇ ಸಾರ್! ದೇವ್ರಾಣೆ ಅದೇ!"

"ಅದೇ ಆಗಿದ್ರೆ ಇನ್ನೂ ಕೆಟ್ಟದ್ದು" ಎಂದು ಅವರು ಚೀಲದ ಪಟ್ಟಿ ಬಿಗಿದು ಎದ್ದುಬಿಟ್ಟರು. ಕಾಫಿ ತಣ್ಣಗಾಗುತ್ತಿತ್ತು. ಜೀಪು ಹೊರಟ ಸದ್ದು ಕೇಳುವವರೆಗೂ ಭಾವ ಹೊಸ್ತಿಲಲ್ಲಿ ನಿಂತೇ ಇದ್ದರು. ಆಮೇಲೆ ಒಳಗೆ ತಿರುಗಿದರು.

"ತೊಳೀಬೇಡ ಅಂದಿದ್ನಾ ಇಲ್ವೇನೇ? ಅಂದಿದ್ನಾ ಇಲ್ವಾ?"

ಉತ್ತರ ಬಂದದ್ದು ಗೋಡೆಗೊರಗಿ ಕೂತಿದ್ದ ತಾಯಿಯಿಂದ. "ನಾನ್ ಕಣೋ ಹೇಳ್ದೋಳು ತೊಳಿ ಅಂತ. ಏನೀಗ? ಮಸಿ ಹಿಡಿದಿದ್ದ ಚಾಕಿಗೆ ವಿಭೂತಿ ಇಡ್ತಿದ್ಯಾ? ದೇವ್ರಿಗಿಂತ ಆ ಜೀಪ್‌ನೋನು ದೊಡ್ಡೋನೇನೋ ನಿಂಗೆ?"

"ಅವ್ವ, ನಿಂಗೊತ್ತಾಗಲ್ಲ..."

"ನಂಗೊತ್ತಾಗಲ್ಲ, ನಿಂಗ್ ಭಾಳಾ ಗೊತ್ತಾಗ್ತದೆ. ಬಾಯ್ಮುಚ್ಕೊಂಡು ಮಂಡಿಗೋಗು."

ತಾಯಿಯ ಮೇಲೆ ಏರಿ ಹೋಗುವ ಧೈರ್ಯ ಭಾವನಿಗಿರಲಿಲ್ಲ. ಅವರು ಬೀರುವಿನಿಂದ ಅಪ್ಪನ ಚಾಕುವನ್ನು ತೆಗೆದು ನಡುಮನೆಯ ಕಡೆಗೆ ಎಸೆದರು. "ತಗೋ, ಕಾಯಿಪಲ್ಯ ಹೆಚ್ಕೋ ಹೋಗು ಇದ್ರಲ್ಲಿ. ಇನ್ನೇನಕ್ಕೂ ಬಾರದು." ಚಪ್ಪಲಿ ಮೆಟ್ಟಿ ಹೊರಟುಹೋದರು. ಮುಂದೆ ಕೆಲವು ತಿಂಗಳಲ್ಲಿ ಅವರು ಗೋಡೆ ಗಡಿಯಾರಗಳನ್ನು ಕೂಡಿಹಾಕಲು ಶುರುಮಾಡಿದರು. ಅವುಗಳ ಕಥೆಯೂ ಬಹುಮಟ್ಟಿಗೆ ಇಷ್ಟೇ.

ಅಕ್ಕ ಚಾಕುವನ್ನು ನೆಲದಿಂದ ಎತ್ತಿಕೊಂಡಳು. ಪಿನ್ನಿನ ತುದಿಯಿಂದ ಕೀಲಿನ ಮೇಣ ಕೆದಕಿ ತೆಗೆದು, ಸೆರಗಿನಲ್ಲಿ ಎಣ್ಣೆ ಒರೆಸಿದಳು. ಮಡಚಿದಳು. ಆಮೇಲೆ ಉಗುರು ಸಿಕ್ಕಿಸಿ ದೊಡ್ಡ ಅಲಗನ್ನು ಎತ್ತಿದಳು. ಅರ್ಧಕ್ಕೆ ಒಮ್ಮೆ ನಿಂತಿತು, ಪೂರ್ತಿಗೆ ಒಮ್ಮೆ. ಎರಡು ಸಲವೂ ಅದೇ ಚಿಕ್ಕ, ಗಟ್ಟಿ ಸದ್ದು. ಸಣ್ಣ ಅಲಗನ್ನೂ ಎತ್ತಿದಳು, ಅದೂ ಹಾಗೇ ಬಂತು. ಬೆನ್ನಿನ ಮೇಲೆ ಬೆರಳಾಡಿಸಿ ನನ್ನ ಕೈಗೆ ಕೊಟ್ಟಳು, ನನಗೆ ನೆನಪಿರುವ ಮಟ್ಟಿಗೆ ಮೊದಲ ಸಲ. ಏರುಪೇರು ಇರಲಿಲ್ಲ.

"ಆದ್ರೂ ಆ ಹೆಸ್ರು ಹೋಗಬಾರದಿತ್ತು ಕಣೇ" ಎಂದೆ. "ಅಪ್ಪನ ಕಾಲದಿಂದ ಇತ್ತು."

"ಅಪ್ಪ ಓದ್ತಿದ್ನೇನೋ ಅದ್ನ? ಅವನಿಗೆ ಇಂಗ್ಲಿಷೇ ಬರ್ತಿರ್ಲಿಲ್ಲ."

ಅತ್ತೆ ಮಡಿಲಲ್ಲಿ ಒಂದು ಸೀಬೆಹಣ್ಣು ಇಟ್ಟುಕೊಂಡು ಕೂತಿದ್ದರು. ಬಾಯಲ್ಲಿ ಮುಂದಿನ ನಾಲ್ಕು ಹಲ್ಲು ಬಿಟ್ಟರೆ ಬೇರೆ ಇರಲಿಲ್ಲ. "ಚೆನ್ನಾಗಿ ಕೊಯ್ತದೇನೇ ಅದು?" ಎಂದು ಕೇಳಿ ಹಣ್ಣು ಮುಂದೆ ಚಾಚಿದರು. ಅಕ್ಕ ಸಾಣೆಕಲ್ಲಿಗೆ ನೀರು ಚಿಮುಕಿಸಿ ಅಲಗನ್ನು ಅತ್ತ ಇತ್ತ ಮಸೆದಳು, ಹಣ್ಣಿನ ಸಿಪ್ಪೆ ತೆಗೆದಳು, ಬೀಜ ಬಿಡಿಸಿದಳು.

"ತೆಳ್ಳಗೆ ಹೆಚ್ಚು. ದಪ್ಪ ಆದ್ರೆ ನಂಗಾಗಲ್ಲ."

"ಹೆಚ್ತೀನಿ ಅತ್ತೆ, ಬಾಯಿ ತೆಗೀರಿ."